ಮಂಡ್ಯದ ಕೆಲಸ ಬಿಟ್ಟು ಮೈಸೂರಿನ ಐಸಿಯುಗೆ ಆರು ತಿಂಗಳ ಕಾಂಟ್ರ್ಯಾಕ್ಟ್ ಮೇಲೆ ಹೋಗಬಹುದಾ?

ನೀವು ಬರೆದಿರೋದು ಇಷ್ಟು: ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಮಂಡ್ಯದ ಒಂದು ನರ್ಸಿಂಗ್ ಹೋಮ್‌ನಲ್ಲಿ ಮೂರು ವರ್ಷದಿಂದ ಇದ್ದೀರಿ. 20 ಸಾವಿರ ಸಂಬಳ, ಪಿಎಫ್, ಇಎಸ್‌ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ) ಎರಡೂ ಇದೆ. ಈಗ ಏಜೆನ್ಸಿಯೊಂದು ಮೈಸೂರಿನ ದೊಡ್ಡ ಆಸ್ಪತ್ರೆಯ ಐಸಿಯುಗೆ ಆರು ತಿಂಗಳ ಕಾಂಟ್ರ್ಯಾಕ್ಟ್, ತಿಂಗಳಿಗೆ 28 ಸಾವಿರ ಅಂತಿದೆ. ಮುಂದೆ ಗಲ್ಫ್‌ಗೆ ಹೋಗೋ ಆಸೆಯೂ ಇದೆ.

ನಾನು ಮದ್ದೂರಿನವಳು, ಮೈಸೂರಲ್ಲಿ ಐಸಿಯು ಸ್ಟಾಫ್ ನರ್ಸ್. ನನ್ನನ್ನ ಕೇಳಿದರೆ, ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟನ್ನ ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲೇ ಕೊಡ್ತೀವಿ ಅಂತ ಬರೆದುಕೊಟ್ಟರೆ ಹೋಗಿ. ಏಜೆನ್ಸಿ ಹೆಸರಲ್ಲಿ ಕೊಡ್ತೀವಿ ಅಂದರೆ 35 ಸಾವಿರ ಕೊಟ್ಟರೂ ಬೇಡ.

ಯಾಕೆ ಅಂದರೆ, ನಿಮಗೆ ಗಲ್ಫ್ ಬೇಕು. ಅಲ್ಲಿನ ಲೈಸೆನ್ಸ್‌ಗೆ ಡೇಟಾಫ್ಲೋ ಅನ್ನೋ ಕಂಪನಿಯಿಂದ ಸರ್ಟಿಫಿಕೇಟ್‌ಗಳ ವೆರಿಫಿಕೇಶನ್ ಆಗಲೇಬೇಕು. ಅವರು ನಿಮ್ಮ ಕೈಲಿರೋ ಕಾಗದ ನಂಬಿ ಸುಮ್ಮನಿರಲ್ಲ, ಆ ಕಾಗದ ಕೊಟ್ಟವರನ್ನೇ ಸಂಪರ್ಕಿಸಿ ಇವರು ನಿಮ್ಮಲ್ಲಿ ಕೆಲಸ ಮಾಡಿದ್ದು ನಿಜವಾ, ಯಾವ ಡಿಪಾರ್ಟ್‌ಮೆಂಟ್, ಎಲ್ಲಿಂದ ಎಲ್ಲಿಯವರೆಗೆ ಅಂತ ಕೇಳ್ತಾರೆ. ನಮ್ಮ ಜೊತೆಗಿದ್ದ ಒಬ್ಬ ಹುಡುಗಿ ವರ್ಷಕ್ಕೂ ಮೇಲೆ ಐಸಿಯುನಲ್ಲಿ ನೈಟ್ ಮಾಡಿದ್ದಳು, ಲೆಟರ್ ಇದ್ದದ್ದು ಏಜೆನ್ಸಿಯದು. ವೆರಿಫಿಕೇಶನ್ ಹೊತ್ತಿಗೆ ಏಜೆನ್ಸಿ ಬಾಗಿಲು ಹಾಕಿತ್ತು, ಮೇಲ್‌ಗೆ ಉತ್ತರ ಕೊಡೋರೇ ಇಲ್ಲ. ಆಸ್ಪತ್ರೆಯ ಎಚ್‌ಆರ್ ಕೇಳಿದರೆ ‘ನಮ್ಮ ಮಸ್ಟರ್‌ನಲ್ಲಿ (ಹಾಜರಿ ಪುಸ್ತಕದಲ್ಲಿ) ಇವರ ಹೆಸರಿಲ್ಲ’ ಅಂದರು. ಅಷ್ಟೂ ದಿನದ ಅನುಭವ ಕಾಗದದ ಮೇಲೆ ಸೊನ್ನೆ.

ಆಮೇಲೆ ದುಡ್ಡು. ಆಫರ್ ಲೆಟರ್‌ನಲ್ಲಿ ಸ್ಯಾಲರಿ ಅಂತಿದೆಯಾ, ಪ್ರೊಫೆಶನಲ್ ಫೀಸ್ ಅಂತಿದೆಯಾ ನೋಡಿ. ಫೀಸ್ ಅಂತಿದ್ದರೆ ಅವರ ಲೆಕ್ಕದಲ್ಲಿ ನೀವು ನೌಕರರೇ ಅಲ್ಲ. ಶೇ. 10 ಟಿಡಿಎಸ್ (ಮೊದಲೇ ಕಡಿತ ಮಾಡೋ ಆದಾಯ ತೆರಿಗೆ) ಹಿಡಿದು ಕೈಗೆ 25,200 ಕೊಡ್ತಾರೆ, ಪಿಎಫ್ ಇಲ್ಲ. ರಿಟರ್ನ್ ಫೈಲ್ ಮಾಡಿದರೆ ಹಿಡಿದದ್ದು ವಾಪಸ್ ಬರುತ್ತೆ, ಆದರೆ ಅದಕ್ಕೆ ಹಣಕಾಸು ವರ್ಷ ಮುಗಿಯೋವರೆಗೆ ಕಾಯಬೇಕು. ಇನ್ನು ಸ್ಯಾಲರಿ ಅಂತಲೇ ಇದ್ದರೂ ಇಎಸ್‌ಐ ಮಿತಿ 21 ಸಾವಿರ, ಅದರ ಮೇಲೆ ಸೇರೋರಿಗೆ ಇಎಸ್‌ಐ ಇಲ್ಲ. ಈಗ ನಿಮ್ಮ ಸಂಬಳದಲ್ಲಿ ಹಿಡಿಯೋದು ಶೇ. 0.75, ಅಂದರೆ ಬರೀ 150 ರೂಪಾಯಿ. ಅಷ್ಟಕ್ಕೆ ನಿಮ್ಮನ್ನೇ ನಂಬಿಕೊಂಡಿರೋ ಅಪ್ಪ ಅಮ್ಮನ ಚಿಕಿತ್ಸೆಯೂ ನಡೆಯುತ್ತೆ. ಮನೆಯಲ್ಲಿ ಡಯಾಲಿಸಿಸ್‌ನಂಥದ್ದು ಇದ್ದರೆ ಇದೊಂದೇ ಕಾರಣಕ್ಕೆ ನಾನಾಗಿದ್ದರೆ ಹೋಗ್ತಿರಲಿಲ್ಲ.

ಅಮೆರಿಕದ ಟ್ರಾವೆಲ್ ನರ್ಸ್‌ಗಳ ವಿಡಿಯೋ ನೋಡಿದ್ದೀನಿ ಅಂತ ಬರೆದಿದ್ದೀರಲ್ಲ, ಆ ಲೆಕ್ಕ ಇಲ್ಲಿ ಹಾಕಬೇಡಿ. ಅಲ್ಲಿ ಸಾಮಾನ್ಯವಾಗಿ 13 ವಾರದ ಕಾಂಟ್ರ್ಯಾಕ್ಟ್, ಊರು ಬಿಟ್ಟು ಬರ್ತಾರೆ ಅಂತ ಮನೆ ಬಾಡಿಗೆಗೂ ಸೇರಿಸಿ ಕೊಡ್ತಾರೆ. ನಮ್ಮ ಕಡೆ ಕಾಂಟ್ರ್ಯಾಕ್ಟ್ ಅಂದರೆ ಬಹುಪಾಲು ಉಳಿತಾಯ ಆಗೋದು ಆಸ್ಪತ್ರೆಗೆ.

ಇಂಟರ್‌ವ್ಯೂನಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಸಿಕ್ಕರೆ, ನೈಟ್‌ನಲ್ಲಿ ಒಬ್ಬ ಸ್ಟಾಫ್‌ಗೆ ಎಷ್ಟು ಪೇಷಂಟ್ ಅಂತ ಸಂಕೋಚ ಇಲ್ಲದೆ ಕೇಳಿ. ವೆಂಟಿಲೇಟರ್ ಪೇಷಂಟ್‌ಗೆ ಒಬ್ಬರು ಸ್ಟಾಫ್ ಇರಬೇಕು ಅನ್ನೋದು ನಿಯಮ. ಗಂಟೆಗೊಂದು ಸಲ ವೈಟಲ್ಸ್ (ಬಿಪಿ, ನಾಡಿ, ಉಸಿರಾಟ), ಯೂರಿನ್ ಔಟ್‌ಪುಟ್ ಬರೆಯೋದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸೋದು, ನಡುವೆ ಸಕ್ಷನ್ ಹಾಕಿ ಕಫ ತೆಗೆಯೋದು, ಬಿಪಿ ಬೀಳದಂತೆ ಹಿಡಿಯೋ ನಾರ್‌ಅಡ್ರಿನಲಿನ್ ಸಿರಿಂಜ್ ಖಾಲಿಯಾಗೋ ಮುಂಚೆ ಇನ್ನೊಂದು ಲೋಡ್ ಮಾಡಿಟ್ಟುಕೊಳ್ಳೋದು. ಇಬ್ಬರು ಪೇಷಂಟ್ ಆದರೆ ಒದ್ದಾಡಿಕೊಂಡು ಮಾಡಬಹುದು. ಮೂವರಾದರೆ ಮೂರನೆಯವರ ಚಾರ್ಟನ್ನ ಬೆಳಿಗ್ಗೆ 7ಕ್ಕೆ ಕೂತು ಒಂದೇ ಪೆನ್ನಲ್ಲಿ ರಾತ್ರಿ ಪೂರ್ತಿ ತುಂಬೋ ಹಾಗಾಗುತ್ತೆ. ಏನಾದರೂ ಹೆಚ್ಚುಕಮ್ಮಿ ಆದ ದಿನ ಆ ಚಾರ್ಟ್ ಮೇಲಿರೋದು ನಿಮ್ಮ ಸಹಿ. ಹಾಗೇ ಐಸಿಯು ಅಂತ ಕರೆದುಕೊಂಡು, ಜನ ಕಮ್ಮಿ ಇರೋ ವಾರ್ಡ್‌ಗೆಲ್ಲ ಕಾಂಟ್ರ್ಯಾಕ್ಟ್‌ನವರನ್ನೇ ಮೊದಲು ತಳ್ಳೋದು ಉಂಟು. ಡಿಪಾರ್ಟ್‌ಮೆಂಟ್ ಹೆಸರು ಆರ್ಡರ್‌ನಲ್ಲೇ ಇರಲಿ.

ಓಡಾಟದ ಬಗ್ಗೆ: ಶಕ್ತಿ ಯೋಜನೆ ಬಂದ ಮೇಲೆ ಮಂಡ್ಯ-ಮೈಸೂರು ಕೆಂಪು ಬಸ್ಸಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ, ಸುಮಾರು 45 ಕಿಲೋಮೀಟರ್, ದಿನಾ ಓಡಾಡಿಬಿಡ್ತೀನಿ ಅನ್ನಿಸುತ್ತೆ. ಡೇ ಡ್ಯೂಟಿಗೆ ಸರಿ. ನೈಟ್ ಮುಗಿಯೋದು 8ಕ್ಕೆ ಅಂತ ಹೆಸರು, ಮುಂದಿನ ಶಿಫ್ಟ್‌ನವರಿಗೆ ಓವರ್ ಕೊಟ್ಟು ಹೊರಗೆ ಬರೋದು 8:45. ಸಬರ್ಬನ್ ಬಸ್ ಸ್ಟ್ಯಾಂಡ್‌ಗೆ ಬಂದು, ಬಸ್ ಹತ್ತಿ, ಮನೆ ಸೇರಿ, ಸ್ನಾನ ಮಾಡಿ ಮಲಗೋ ಹೊತ್ತಿಗೆ ಮಧ್ಯಾಹ್ನ. ಸಂಜೆ 6ಕ್ಕೆ ಮತ್ತೆ ಹೊರಡಬೇಕು. ಹಾಸ್ಟೆಲ್ ಕೊಡ್ತಾರಾ ಕೇಳಿ, ಇಲ್ಲದಿದ್ದರೆ ಪಿಜಿ ಬಾಡಿಗೆಯನ್ನ ಈಗಲೇ 28ರಲ್ಲಿ ಕಳೆದುಬಿಡಿ.

ಮದುವೆ ಆಗಿದೆ ಅಂದಿದ್ದೀರಿ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಕಾಂಟ್ರ್ಯಾಕ್ಟ್‌ನವರಿಗೂ ಹೆರಿಗೆ ಸೌಲಭ್ಯ ಉಂಟು. ಕಾಂಟ್ರ್ಯಾಕ್ಟ್ ಅವಧಿ ಮುಗಿಯಿತು ಅಂತ ಅದನ್ನ ನಿಲ್ಲಿಸೋ ಹಾಗಿಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಏಜೆನ್ಸಿಯವರು ಇದನ್ನ ತಾವಾಗಿ ಹೇಳಲ್ಲ.

ಒರಿಜಿನಲ್ ಮಾರ್ಕ್ಸ್ ಕಾರ್ಡು, ನರ್ಸಿಂಗ್ ಕೌನ್ಸಿಲ್ ಸರ್ಟಿಫಿಕೇಟು ಯಾರ ಬೀರುವಿಗೂ ಹೋಗಬಾರದು. ತೋರಿಸಿ, ಜೆರಾಕ್ಸ್ ಕೊಟ್ಟು, ಅಲ್ಲೇ ವಾಪಸ್ ಇಸ್ಕೊಳ್ಳಿ. ಮಧ್ಯದಲ್ಲಿ ಬಿಟ್ಟರೆ ಇಷ್ಟು ಕಟ್ಟಬೇಕು ಅಂತ ಬಾಂಡ್ ಇದ್ದರೆ ಆ ಮೊತ್ತ ಓದದೆ ಸಹಿ ಹಾಕಬೇಡಿ. ಕಾಂಟ್ರ್ಯಾಕ್ಟ್ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅವರಿಗೆ ಸಿಗೋದು ನ್ಯಾಯವಾದ ಪರಿಹಾರ ಮಾತ್ರ, ಆದರೆ ಅದಕ್ಕೆ ಕೋರ್ಟು ಅಲೆಯೋ ಪುರುಸೊತ್ತು ನಮಗೆಲ್ಲಿ?

ಮಂಡ್ಯದಲ್ಲಿ ನೋಟಿಸ್ ಕೊಟ್ಟು, ರಿಲೀವಿಂಗ್ ಲೆಟರ್ ಕೈಗೆ ಬಂದ ಮೇಲೇ ಹೊರಡಿ. ಅಲ್ಲಿನ ಪಿಎಫ್ ತೆಗೆಸಬೇಡಿ, ಅದೇ ಯುಎಎನ್ (ಪಿಎಫ್ ಖಾತೆಯ) ನಂಬರನ್ನ ಹೊಸ ಕಡೆ ಕೊಡಿ.