ನಿಮ್ಮ ಆಟಕ್ಕೆ ಯಾವ ಪ್ಯಾಡಲ್ ರಾಕೆಟ್?

ಪ್ರಶ್ನೆ: ಹಲವು ವರ್ಷ ಬ್ಯಾಡ್ಮಿಂಟನ್ ಆಡಿದವನು ನಾನು. ಎಂಟು ತಿಂಗಳಿಂದ ಪ್ಯಾಡಲ್ (ಗಾಜಿನ ಗೋಡೆಗಳಿರುವ ಅಂಕಣದಲ್ಲಿ ಇಬ್ಬಿಬ್ಬರ ಜೋಡಿಗಳು ಆಡುವ, ಗೋಡೆಗೆ ಬಡಿದು ಮರಳಿದ ಚೆಂಡನ್ನೂ ಹೊಡೆಯಬಹುದಾದ ಟೆನಿಸ್‌ನಂಥ ಆಟ) ಆಡುತ್ತಿದ್ದೇನೆ. ಸ್ಮ್ಯಾಶ್ ಹೊಡೆಯುವುದು ಇಷ್ಟವಾದ್ದರಿಂದ ಡೈಮಂಡ್ ಆಕಾರದ, ಗಟ್ಟಿ ಕಾರ್ಬನ್ ಮೇಲ್ಮೈಯ, 375 ಗ್ರಾಂ ತೂಕದ ರಾಕೆಟ್ ಕೊಂಡೆ. ಆದರೆ ಹಿಂದಿನ ಗಾಜಿಗೆ ಬಡಿದು ಬಂದ ಚೆಂಡು ನನ್ನಿಂದ ನೆಟ್ ದಾಟುವುದು ಅಪರೂಪ. ಆಟದ ನಂತರ ಮೊಣಕೈ ನೋಯುತ್ತದೆ. ರಾಕೆಟ್ ಬದಲಿಸಬೇಕೆ?

ಉತ್ತರ: ಬದಲಿಸುವುದೇ ಒಳ್ಳೆಯದು. ನೀವು ರಾಕೆಟ್ ಆರಿಸಿರುವುದು ಪಂದ್ಯವೊಂದರಲ್ಲಿ ಬೆರಳೆಣಿಕೆಯಷ್ಟು ಬಾರಿ ಸಿಗುವ ಸ್ಮ್ಯಾಶ್‌ಗಾಗಿ. ಉಳಿದ ಹೊತ್ತೆಲ್ಲ ನೀವು ಆಡುತ್ತಿರುವುದು ಲಾಬ್ (ಎದುರಾಳಿಯ ತಲೆಯ ಮೇಲಿಂದ ಎತ್ತರಕ್ಕೆ ಕಳುಹಿಸುವ ಹೊಡೆತ), ವಾಲಿ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದು) ಮತ್ತು ಗಾಜಿನಿಂದ ಮರಳಿದ ಚೆಂಡುಗಳನ್ನು.

ನಿಯಮದ ಪ್ರಕಾರ ರಾಕೆಟ್‌ನ ಉದ್ದ 45.5 ಸೆಂಟಿಮೀಟರ್, ಅಗಲ 26 ಸೆಂಟಿಮೀಟರ್ ಮತ್ತು ದಪ್ಪ 38 ಮಿಲಿಮೀಟರ್ ಮೀರುವಂತಿಲ್ಲ. ಅಳತೆಗೆ ಹೀಗೆ ಮಿತಿ ಇರುವುದರಿಂದ ತಯಾರಕರು ತಮ್ಮ ಜಾಣ್ಮೆಯನ್ನೆಲ್ಲ ಆಕಾರ, ತೂಕದ ಹಂಚಿಕೆ ಮತ್ತು ಒಳಗಿನ ಫೋಮ್‌ನಲ್ಲಿ ತೋರಿಸುತ್ತಾರೆ. ಡೈಮಂಡ್ ಆಕಾರದಲ್ಲಿ ಅಗಲವಾದ ಭಾಗ ಮೇಲಿರುತ್ತದೆ, ತೂಕವೂ ತಲೆಯ ಕಡೆಗೆ ವಾಲಿರುತ್ತದೆ, ಚೆಂಡು ಸರಿಯಾಗಿ ತಾಗಬೇಕಾದ ಸ್ವೀಟ್ ಸ್ಪಾಟ್ ಚಿಕ್ಕದಾಗಿ ಮೇಲಕ್ಕೆ ಸರಿದಿರುತ್ತದೆ. ತಲೆಯ ಮೇಲಿನ ಹೊಡೆತಕ್ಕೆ ಇದು ವರವಾದರೂ, ಗೋಡೆಯಿಂದ ತಗ್ಗಾಗಿ ಬರುವ ಚೆಂಡಿಗೆ ಆತುರದಲ್ಲಿ ಕೈ ಚಾಚಿದಾಗ ಚೆಂಡು ಆ ಪುಟ್ಟ ಜಾಗಕ್ಕೆ ತಾಗುವುದು ಕಷ್ಟ. ದುಂಡನೆಯ ರಾಕೆಟ್‌ನಲ್ಲಿ ತೂಕ ಹಿಡಿಯ ಕಡೆಗಿದ್ದು, ಸ್ವೀಟ್ ಸ್ಪಾಟ್ ನಡುವೆ ವಿಶಾಲವಾಗಿ ಹರಡಿರುತ್ತದೆ. ಹನಿಯಾಕಾರದ್ದು ಇವೆರಡರ ನಡುವಿನದು.

ಮೊಣಕೈ ನೋವಿಗೆ ನಿಮ್ಮ ಹಳೆಯ ಆಟದ ಅಭ್ಯಾಸವೂ ಕಾರಣವಿರಬಹುದು. ಬ್ಯಾಡ್ಮಿಂಟನ್ ರಾಕೆಟ್ ಸಾಮಾನ್ಯವಾಗಿ 80ರಿಂದ 90 ಗ್ರಾಂ ತೂಗುತ್ತದೆ; ಅದನ್ನು ಮಣಿಕಟ್ಟಿನಿಂದಲೇ ಚಿಮ್ಮಿಸಬಹುದು. ಅದರ ನಾಲ್ಕು ಪಟ್ಟಿಗೂ ಮಿಕ್ಕಿದ ತೂಕದ, ಅದೂ ತಲೆಭಾರದ ರಾಕೆಟ್ಟನ್ನು ಅದೇ ರೀತಿ ಚಿಮ್ಮಿಸಲು ಹೋದರೆ ಆ ಭಾರವನ್ನು ತಡೆಯುವ ಕೆಲಸ ಮುಂಗೈ ಸ್ನಾಯುಗಳ ಮೇಲೆ ಬೀಳುತ್ತದೆ. ಅಂಗಡಿಯಲ್ಲಿ ಎಲ್ಲರೂ ತೂಕದ ಅಂಕಿಯನ್ನು ಮಾತ್ರ ನೋಡುತ್ತಾರೆ; ನನ್ನ ದೃಷ್ಟಿಯಲ್ಲಿ ತೂಕ ಎಲ್ಲಿ ಕೂತಿದೆ ಎನ್ನುವುದು ಹೆಚ್ಚು ಮುಖ್ಯ. 375 ಗ್ರಾಂನ ದುಂಡು ರಾಕೆಟ್ ಕೈಗೆ 360 ಗ್ರಾಂನ ತಲೆಭಾರದ ರಾಕೆಟ್‌ಗಿಂತ ಹಗುರವೆನಿಸಬಹುದು. ಹಿಡಿಗೆ ಒಂದು ಓವರ್‌ಗ್ರಿಪ್ (ಹಿಡಿಯ ಮೇಲೆ ಸುತ್ತುವ ತೆಳು ಪಟ್ಟಿ) ಹೆಚ್ಚಾಗಿ ಸುತ್ತಿದರೂ ಸಮತೋಲನ ತುಸು ಕೆಳಗಿಳಿಯುತ್ತದೆ. ಹೊಸದನ್ನು ಕೊಳ್ಳುವವರೆಗೆ ಇದನ್ನು ಮಾಡಿ ನೋಡಿ.

ನಿಮಗೆ ನನ್ನ ಸಲಹೆ: 355ರಿಂದ 365 ಗ್ರಾಂನ, ದುಂಡನೆಯ ಅಥವಾ ಸಮತೋಲನ ತಗ್ಗಿರುವ ಹನಿಯಾಕಾರದ, ಫೈಬರ್‌ಗ್ಲಾಸ್ ಮೇಲ್ಮೈಯ ಮೆತ್ತನೆಯ ರಾಕೆಟ್. ಸಾಧ್ಯವಾದರೆ ಎರವಲು ಪಡೆದು ಒಂದೆರಡು ಪಂದ್ಯ ಆಡಿ, ಆಮೇಲೆ ನಿರ್ಧರಿಸಿ. ಆದರೂ ನೋವು ಹೋಗದಿದ್ದರೆ ಆಟ ನಿಲ್ಲಿಸಿ ವೈದ್ಯರನ್ನು ಕಾಣಿ.

ಪ್ರಶ್ನೆ: ಮೆತ್ತನೆಯ ರಾಕೆಟ್ ಚೆಂಡಿಗೆ ಹೆಚ್ಚು ವೇಗ ಕೊಡುತ್ತದೆ ಎಂದು ಕೆಲವರು, ಗಟ್ಟಿಯದೇ ಕೊಡುತ್ತದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ನೀವು ಎಷ್ಟು ಜೋರಾಗಿ ಬೀಸುತ್ತೀರಿ ಎಂಬುದನ್ನು ಅವಲಂಬಿಸಿ ಇಬ್ಬರ ಮಾತೂ ಸರಿಯೇ. ಪ್ಯಾಡಲ್ ರಾಕೆಟ್‌ಗೆ ತಂತಿಗಳಿಲ್ಲ. ತಂತಿಯ ಪುಟಿತದ ಕೆಲಸವನ್ನು ಒಳಗಿನ ಫೋಮ್ ಮಾಡುತ್ತದೆ. ಮೆಲ್ಲನೆ ತಾಗಿಸಿದಾಗ ಮೆತ್ತನೆಯ ಫೋಮ್ ಸುಲಭವಾಗಿ ಅದುಮಿ, ಮರಳಿ ಚಿಮ್ಮಿ ಚೆಂಡನ್ನು ದೂರ ಕಳುಹಿಸುತ್ತದೆ; ಆದ್ದರಿಂದಲೇ ರಕ್ಷಣೆಯ ಆಟಕ್ಕೆ ಅದು ಅನುಕೂಲ. ಪೂರ್ಣ ಬಲದಿಂದ ಬೀಸಿದಾಗ ಅದೇ ಫೋಮ್ ಮಿತಿ ಮೀರಿ ಅದುಮಿಹೋಗಿ ಹೊಡೆತದ ಬಲವನ್ನು ತಾನೇ ನುಂಗುತ್ತದೆ, ಗಟ್ಟಿಯದು ಮಾತ್ರ ಆ ಬಲವನ್ನು ಚೆಂಡಿಗೆ ದಾಟಿಸುತ್ತದೆ. ಆದ್ದರಿಂದ ಗಟ್ಟಿ ರಾಕೆಟ್ ಕೊಳ್ಳುವವರಿಗೆ ತಮ್ಮದೇ ಬೀಸಿನ ವೇಗ ಇರಬೇಕು.

ಅಂಕಣದ ಯಾವ ಬದಿಯಲ್ಲಿ ನಿಲ್ಲುತ್ತೀರಿ ಎಂಬುದನ್ನೂ ಗಮನಿಸಿ. ಜೋಡಿಯ ಇಬ್ಬರೂ ಬಲಗೈಯವರಾಗಿದ್ದರೆ ಮಧ್ಯಕ್ಕೆ ಬಂದ ಎತ್ತರದ ಚೆಂಡು ಎಡಬದಿಯವರ ಫೋರ್‌ಹ್ಯಾಂಡ್‌ಗೆ ಸಿಗುವುದರಿಂದ ಗಟ್ಟಿ ರಾಕೆಟ್ ಅವರಿಗೆ ಹೆಚ್ಚು ಒಪ್ಪುತ್ತದೆ. ಹವೆಯನ್ನೂ ಮರೆಯಬೇಡಿ: ಚಳಿಯಲ್ಲಿ ಫೋಮ್ ಬಿಗಿಯುತ್ತದೆ, ಸೆಕೆಯಲ್ಲಿ ಸಡಿಲಾಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ರಾಕೆಟ್ ಬಿಟ್ಟುಬರುವುದು ಅದರ ಆಯಸ್ಸಿಗೆ ಒಳ್ಳೆಯದಲ್ಲ.