‘ಅಡ್ಡಿಲ್ಲೆ’ ಅನ್ನುವ ಮಾತಿನ ಒಳಗೆ

ನಿಮ್ಮ ಪಾತ್ರಗಳು ಮನಸ್ಸಿನಲ್ಲಿರುವುದನ್ನೆಲ್ಲ ಬಾಯಿಬಿಟ್ಟು ಹೇಳಿಬಿಡುತ್ತವೆ, ಸಂಭಾಷಣೆಯಲ್ಲಿ ಸಬ್‌ಟೆಕ್ಸ್ಟ್, ಅಂದರೆ ಮಾತಿನ ಹಿಂದೆ ಅಡಗಿದ ಅರ್ಥ, ತರುವುದು ಹೇಗೆ ಅಂತ ಕೇಳಿದ್ದೀರಿ. ಕಿರುಚಿತ್ರ ಬರೆಯಲು ಶುರು ಮಾಡಿದಾಗ ನನಗೂ ಇದೇ ತೊಂದರೆ ಇತ್ತು.

ನಾನು ಶಿರಸಿ ಕಡೆಯವನು, ಯಕ್ಷಗಾನವನ್ನೇ ಕೂತು ಮಾತಿನಲ್ಲಿ ನಡೆಸುವ ತಾಳಮದ್ದಳೆ ಕೇಳುತ್ತಾ ಬೆಳೆದವನು. ಅಲ್ಲಿ ವೇಷ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಸುಮ್ನೆ ಪಂಚೆ ಉಟ್ಟು ಕೂತ ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವನು, ಕರ್ಣನ ಸಂಕಟವನ್ನು ಮಾತಿನಲ್ಲೇ ಕಟ್ಟಬೇಕು. ಆ ಕಲೆಯ ಜೀವವೇ ಅದು. ಆದರೆ ಸಿನಿಮಾದಲ್ಲಿ ಮುಖ ಕಾಣುತ್ತದೆ, ಕೈ ಕಾಣುತ್ತದೆ. ಅಲ್ಲೂ ಪಾತ್ರ ಅರ್ಥ ಹೇಳುತ್ತಾ ಕೂತರೆ ನೋಡುವವರಿಗೆ ಕೆಲಸವೇ ಉಳಿಯುವುದಿಲ್ಲ, ಅಲ್ವಾ?

ನನ್ನದೇ ಒಂದು ದೃಶ್ಯ ಹೇಳುತ್ತೇನೆ. ಮಗ ಬೆಂಗಳೂರಿಗೆ ವಾಪಸ್ ಹೊರಟಿದ್ದಾನೆ. ಮೊದಲು ಬರೆದಾಗ ಅಪ್ಪನ ಬಾಯಲ್ಲಿ ಹೀಗಿತ್ತು: “ನೀನೂ ಹೋದರೆ ತೋಟ ನೋಡುವವರು ಯಾರು? ನನಗೆ ಭಯ ಆಗುತ್ತದೆ.” ಓದಿದರೆ ಸುಳ್ಳು ಅನ್ನಿಸಿತು. ನಮ್ಮ ಕಡೆ ಯಾವ ಅಪ್ಪನೂ ಮಗನ ಮುಂದೆ ಹಾಗೆ ಹೇಳುವುದಿಲ್ಲ.

ಆಮೇಲೆ ಇಬ್ಬರನ್ನೂ ರಾತ್ರಿ ಮೆಟ್ಟುಗತ್ತಿ ಮುಂದೆ ಅಡಿಕೆ ಸುಲಿಯಲು ಕೂರಿಸಿದೆ.

“ಅಪ್ಪಯ್ಯ, ನಾಳೆ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿದ್ದಿ.”

“ಅಡ್ಡಿಲ್ಲೆ.”

ಅಪ್ಪ ಎರಡು ಅಡಿಕೆ ಸುಲಿದು ಬುಟ್ಟಿಗೆ ಹಾಕುತ್ತಾನೆ.

“ಗುರುವಾರ ಕೊನೆಗೌಡ ಬತ್ನಡ.”

ಮಗ ಮಾತಾಡುವುದಿಲ್ಲ.

“ಕಿಟಕಿ ಸೀಟಾ?”

“ಹೌದು.”

“ಅಡ್ಡಿಲ್ಲೆ.”

ಅಷ್ಟೇ. ಇದು ಹವ್ಯಕರ ಆಡುಮಾತು: ‘ಮಾಡಿದ್ದಿ’ ಅಂದರೆ ಮಾಡಿದ್ದೇನೆ, ‘ಬತ್ನಡ’ ಅಂದರೆ ಬರುತ್ತಾನಂತೆ. ಕೊನೆಗೌಡ ಅಂದರೆ ಅಡಿಕೆ ಮರ ಹತ್ತಿ ಕೊನೆ (ಗೊನೆ) ಇಳಿಸುವವನು. ‘ಅಡ್ಡಿಲ್ಲೆ’ ಅಂದರೆ ಆಗಬಹುದು, ತೊಂದರೆ ಇಲ್ಲ ಅಂತ. ಒಪ್ಪಿಗೆಯ ಮಾತು. ಆದರೆ ಇಲ್ಲಿ ಅದು ಒಪ್ಪಿಗೆ ಅಲ್ಲ. ಹೋಗಬೇಡ ಅನ್ನಲು ಅಪ್ಪನಿಗೆ ಅಭಿಮಾನ ಅಡ್ಡ ಬರುತ್ತದೆ, ಹಾಗಾಗಿ ಕೊನೆಗೌಡನ ಸುದ್ದಿ ತೆಗೆಯುತ್ತಾನೆ.

ನಮ್ಮ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಧ್ವನಿ ಅನ್ನುತ್ತಾರೆ. ಒಂಬತ್ತನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಇದನ್ನು ವಿವರಿಸಲು ಒಂದು ಪ್ರಾಕೃತ ಪದ್ಯ ಕೊಡುತ್ತಾನೆ. ಹೆಂಗಸೊಬ್ಬಳು ನಾಯಿಗೆ ಹೆದರುವ ಒಬ್ಬ ಧಾರ್ಮಿಕನಿಗೆ ಹೇಳುತ್ತಾಳೆ: ಇನ್ನು ನೀನು ನಿಶ್ಚಿಂತೆಯಿಂದ ಓಡಾಡು, ಆ ನಾಯಿಯನ್ನು ಗೋದಾವರಿ ದಂಡೆಯ ಪೊದೆಯಲ್ಲಿರುವ ಸಿಂಹ ಕೊಂದುಹಾಕಿತು. ಮಾತು ‘ಓಡಾಡು’ ಅನ್ನುತ್ತದೆ. ಅರ್ಥ ‘ಇತ್ತ ಬರಲೇ ಬೇಡ’. ನಾಯಿಗೆ ಹೆದರುವವನು ಸಿಂಹ ಇರುವಲ್ಲಿಗೆ ಬರುತ್ತಾನೆಯೇ? ಅಲ್ಲೇ ಅವಳು ಪ್ರಿಯಕರನನ್ನು ಕಾಣುವುದು ಅಂತ ಗೊತ್ತಾದರೆ ಪದ್ಯ ಪೂರ್ತಿ ತೆರೆದುಕೊಳ್ಳುತ್ತದೆ.

ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಮಾತನ್ನು ಮುಚ್ಚಿದರೆ ಸಾಕು ಅಂದುಕೊಳ್ಳುತ್ತಾರೆ. ಮುಚ್ಚಿದ್ದು ಏನು ಅಂತ ನೋಡುವವರಿಗೆ ಮೊದಲೇ ಗೊತ್ತಿರಬೇಕು. ನನ್ನ ದೃಶ್ಯಕ್ಕೂ ಮೊದಲು ಎರಡು ಸಂಗತಿ ತೋರಿಸಬೇಕಾಯಿತು. ಕೊನೆಗೌಡ ಸಿಗುವುದೇ ಕಷ್ಟ, ಅವನಿಗಾಗಿ ಅಪ್ಪ ಮೂರು ಸಲ ಅಲೆದಿದ್ದಾನೆ. ಮತ್ತೆ, ಅಪ್ಪನಿಗೆ ಮಂಡಿನೋವು, ಕೊನೆ ಹೊರಲು ಆಗುವುದಿಲ್ಲ. ಇವಿಲ್ಲದೆ ‘ಗುರುವಾರ’ ಬರೀ ಒಂದು ವಾರದ ಹೆಸರು.

ಬರೆಯುವ ಮೊದಲು ಪ್ರತಿ ಪಾತ್ರಕ್ಕೂ ಎರಡು ಸಾಲು ಗುರುತು ಹಾಕಿಕೊಳ್ಳಿ: ಇವನಿಗೆ ಏನು ಬೇಕು, ಅದನ್ನು ಕೇಳಲು ಯಾಕೆ ಆಗುತ್ತಿಲ್ಲ. ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ಅವನು ನೇರವಾಗಿಯೇ ಮಾತಾಡಲಿ. ನಿಜವಾಗಿ ಸಿಟ್ಟು ಬಂದವನು ಸುತ್ತಿ ಬಳಸಿ ಹೇಳುವುದಿಲ್ಲ. ಇಡೀ ಚಿತ್ರವೇ ಒಗಟಾದರೆ ನೋಡುವವರು ದಣಿಯುತ್ತಾರೆ.

ಕೈಗೆ ಒಂದು ಕೆಲಸವನ್ನೂ ಕೊಡಿ. ನಮ್ಮ ಮನೆ ಜಗಲಿಯಲ್ಲಿ ಈ ದೃಶ್ಯ ಓದಿಸಿದ ದಿನ ಅಪ್ಪನ ಪಾತ್ರದವರ ಮುಂದೆ ನಿಜವಾದ ಅಡಿಕೆ ಇಟ್ಟಿದ್ದೆ. ಆಗ ದೃಶ್ಯದ ಕೊನೆಯಲ್ಲಿ ಆಯಿ (ಅಮ್ಮ) ಬಂದು “ಗುರುವಾರದವರೆಗೆ ಇರು ಅಂತ ಅಪ್ಪಯ್ಯನ ಆಸೆ” ಅನ್ನುವ ಮಾತಿತ್ತು. ಎರಡನೇ ‘ಅಡ್ಡಿಲ್ಲೆ’ ಹೇಳಿದವರೇ ಅವರು ಸುಲಿದ ಅಡಿಕೆಯನ್ನು ಸಿಪ್ಪೆಯ ರಾಶಿಗೆ ಹಾಕಿದರು. ಮಗನ ಪಾತ್ರದ ಹುಡುಗ ಅದನ್ನು ಹೆಕ್ಕಿ ಬುಟ್ಟಿಗೆ ಹಾಕಿದ. ನಾನು ಬರೆದಿದ್ದಲ್ಲ ಅದು. ಆಯಿಯ ಮಾತನ್ನು ಆಗಲೇ ಹೊಡೆದುಹಾಕಿದೆ.