ಕಣ್ಣಿ ಬಿಚ್ಚುವುದು ಯಾವಾಗ?

ಪ್ರಶ್ನೆ: ನಮ್ಮದು ರೋಣ ತಾಲೂಕಿನ ಬೆಣ್ಣಿಹಳ್ಳದ ದಂಡೆಯ ಊರು. ಎರಡು ಎಮ್ಮೆ, ಒಂದು ನಾಯಿ ಇವೆ. ಹಳ್ಳ ಬಂದು ಊರು ಬಿಡುವಾಗ ಅವನ್ನು ಕಟ್ಟಿ ಹೋಗಬೇಕೋ, ಬಿಚ್ಚಿ ಹೋಗಬೇಕೋ?

ಉತ್ತರ: ಕಟ್ಟಿ ಮಾತ್ರ ಹೋಗಬೇಡಿ. ಎಮ್ಮೆಗೆ ಈಜು ಬರುತ್ತದೆ, ಆದರೆ ಮೂರು ಮೊಳದ ಕಣ್ಣಿಯಲ್ಲಿ ಈಜಲಾಗದು. ನೀರು ಏರಿದಷ್ಟೂ ಹಗ್ಗ ಅದರ ತಲೆಯನ್ನು ಗೂಟದ ಕಡೆ ಕೆಳಕ್ಕೆ ಜಗ್ಗುತ್ತದೆ. ಸರಪಳಿ ಹಾಕಿದ ನಾಯಿಯದೂ ಅದೇ ಗತಿ.

ಎಲ್ಲಕ್ಕಿಂತ ಒಳ್ಳೆಯದು, ನೀವು ಹೊರಡುವ ಮೊದಲೇ ದನಗಳನ್ನು ದಿಬ್ಬಕ್ಕೆ ಹೊಡೆಯುವುದು. ನಿಮ್ಮೂರ ಮೋಡ ನೋಡಿ ಲೆಕ್ಕ ಹಾಕಬೇಡಿ; ಇಲ್ಲಿ ಹನಿ ಬೀಳದಿದ್ದರೂ ಶಿಗ್ಗಾವಿ, ಹುಬ್ಬಳ್ಳಿ ಕಡೆ ಸುರಿದದ್ದು ನಿಮ್ಮ ಹಳ್ಳಕ್ಕೇ ಬರುತ್ತದೆ. ಎರಿ ಮಣ್ಣು ನೆನೆದರೆ ದನ ಮೊಣಕಾಲುದ್ದ ಹೂತುಕೊಳ್ಳುತ್ತವೆ, ಆಮೇಲೆ ಹೊಡೆದರೂ ನಡೆಯುವುದಿಲ್ಲ.

ಬಿಚ್ಚುವಾಗ ಕಣ್ಣಿಯನ್ನು ಕೊರಳಿಂದ ಪೂರ್ತಿ ತೆಗೆಯಿರಿ. ಎಳೆದಾಡುವ ಹಗ್ಗ ಜಾಲಿಕಂಟಿಗೆ ಸಿಕ್ಕಿಕೊಂಡರೆ ಬಿಚ್ಚಿದ್ದೂ ವ್ಯರ್ಥ. ನೂಲಿನ ಹಗ್ಗ ನೀರು ಕುಡಿದು ಉಬ್ಬಿದರೆ ಕತ್ತಲಲ್ಲಿ ಗಂಟು ಬಿಚ್ಚುವುದಿಲ್ಲ. ಮಳೆಗಾಲವಿಡೀ ತುದಿ ಜಗ್ಗಿದರೆ ಕಳಚುವ ಗಂಟನ್ನೇ ಹಾಕಿ, ದನದ ಮನೆಯ ಗೋಡೆಗೆ ಒಂದು ಕುಡಗೋಲು ಸಿಕ್ಕಿಸಿಡಿ. ಎಮ್ಮೆಯ ಕಿವಿಯ ಬಿಲ್ಲೆಯಲ್ಲಿರುವ 12 ಅಂಕಿಯನ್ನು ಫೋಟೋ ತೆಗೆದಿಟ್ಟುಕೊಳ್ಳಿ. ವಿಮೆ ಇದ್ದರೆ ಅದೇ ಆಧಾರ. ನಾಯಿಯ ಪಟ್ಟಿಯ ಮೇಲೆ ಮಾರ್ಕರ್‌ನಿಂದ ಎರಡು ಫೋನ್ ನಂಬರ್ ಬರೆಯಿರಿ, ಒಂದು ಬೇರೆ ಊರಿನ ನೆಂಟರದಿರಲಿ. ಗಾಯವಾದರೆ ಪಶು ಆಂಬುಲೆನ್ಸ್‌ಗೆ 1962.

ಪ್ರಶ್ನೆ: ವರದಾ ನದಿ ಏರಿದಾಗ ಬೆಕ್ಕನ್ನು ಗೋಣಿಚೀಲದಲ್ಲಿ ಒಯ್ಯಬಹುದೇ? (ಹಾವೇರಿ)

ಉತ್ತರ: ಬೇಡ. ನೆನೆದ ಗೋಣಿ ಬೆಕ್ಕಿನ ಮೂತಿಗೆ ಅಂಟಿ ಉಸಿರು ಕಟ್ಟಿಸುತ್ತದೆ. ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟ್ ಎರಡು ತಂದು, ಬಾಯಿಗೆ ಬಾಯಿ ಕೂಡಿಸಿ. ಉದ್ದದ ಒಂದು ಬದಿಗೆ ಮೂರು ಕಡೆ ಕೇಬಲ್ ಟೈ ಹಾಕಿ. ಇದು ಬಾಗಿಲಿನ ಕೀಲಿದ್ದಂತೆ, ತುಸು ಸಡಿಲವಿರಲಿ. ಎದುರು ಬದಿಗೆ ಎರಡು ಕಡೆ ಲಾಡಿ ಕಟ್ಟಿ. ತಳಕ್ಕೆ ಸಿಮೆಂಟ್ ಚೀಲದ ತುಂಡು, ಅದರ ಮೇಲೆ ಬೆಕ್ಕು ದಿನಾ ಮಲಗುವ ಹಳೇ ಸೀರೆ.

ಜೂನ್‌ಗೆ ಮೊದಲೇ ಹದಿನೈದು ದಿನ ಇದನ್ನು ಪಡಸಾಲೆಯಲ್ಲಿ ತೆರೆದಿಟ್ಟು, ಅದರೊಳಗೇ ಊಟ ಹಾಕಿ. ರೂಢಿಯಿಲ್ಲದ ಬೆಕ್ಕು ಗದ್ದಲ ಕೇಳಿದೊಡನೆ ಅಟ್ಟ ಏರುತ್ತದೆ. ಅದಕ್ಕೇ ಮುನ್ಸೂಚನೆ ಬಂದ ಕೂಡಲೇ ಒಂದು ಕೋಣೆಯಲ್ಲಿ ಕೂಡಿಹಾಕಿ. ಒಳಹೋಗಲು ಹಟ ಮಾಡಿದರೆ ಕ್ರೇಟನ್ನು ನೆಟ್ಟಗೆ ನಿಲ್ಲಿಸಿ, ಹಿಂಗಾಲು ಮೊದಲಾಗಿ ಇಳಿಸಿ. ಮುಂದೆ ಕಾಣದ್ದರಿಂದ ಉಗುರು ಹಾಕುವುದು ಕಡಿಮೆ. ಮೇಲೊಂದು ಬಟ್ಟೆ ಹೊದಿಸಿ.

ಪ್ರಶ್ನೆ: ಗುಡುಗಿದರೆ ನಮ್ಮ ನಾಯಿ ಗೇಟು ಹಾರಿ ಓಡುತ್ತದೆ. ನಿದ್ದೆ ಮಾತ್ರೆ ಅರ್ಧ ಕೊಡಬಹುದೇ? (ಹುಬ್ಬಳ್ಳಿ)

ಉತ್ತರ: ಮನುಷ್ಯರ ಮಾತ್ರೆ ಯಾವುದೂ ಬೇಡ. ಪಶುವೈದ್ಯರು ಭಯಕ್ಕೇ ಬೇರೆ ಔಷಧಿ ಬರೆಯುತ್ತಾರೆ, ಅದನ್ನು ಗುಡುಗು ಶುರುವಾಗುವ ಮೊದಲೇ ಕೊಡಬೇಕು. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡನ್ನು ಮೂರರಿಂದ ಭಾಗಿಸಿದರೆ ಸುಮಾರು ಎಷ್ಟು ಕಿಲೋಮೀಟರ್ ದೂರ ಎಂದು ತಿಳಿಯುತ್ತದೆ. 30 ಎಣಿಸುವುದರೊಳಗೆ ಗುಡುಗಿದರೆ ನಾಯಿ ಒಳಗಿರಲಿ. ಪತ್ರಾಸಿನ ಶೆಡ್ಡಿನಲ್ಲಲ್ಲ, ನಡುಮನೆಯಲ್ಲಿ. ಬಾಗಿಲು ತೆರೆಯುವ ಮೊದಲು ಬೆಲ್ಟ್ ಹಾಕಿ ಹಿಡಿದುಕೊಳ್ಳಿ.

ಇಲಿಜ್ವರದ ಲಸಿಕೆಯನ್ನೂ ವಿಚಾರಿಸಿ. ಮೊದಲ ಸಲವಾದರೆ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಹೀಗಾಗಿ ಏಪ್ರಿಲ್‌ನಲ್ಲೇ ಶುರು ಮಾಡಿ.